ಸಾಲೆಯ ಪಡಸಾಲೆಯಲ್ಲಿ ನಿಂತ ಜೋಳದ ಚೀಲ

ಬೀದರದ ನಮ್ಮ ಸಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಹಳೆಯ ವಿದ್ಯಾರ್ಥಿ ಪಂಢರಿಯ ತಾಯಿ ಕೌಸಲ್ಯಾಬಾಯಿ ಎಕಂಬಾದಿಂದ ತಂದುಕೊಟ್ಟ ಜೋಳವನ್ನು ತಾವು ಬೋರ್ಡಿಂಗಿನ ಕಣಜಕ್ಕೆ ಸುರಿಯಗೊಡಲಿಲ್ಲ. ಪಡಸಾಲೆಯಲ್ಲಿ ಬೇರೆಯಾಗಿ ಇಡಿಸಿದಿರಿ. ಮರುದಿನ ಅದೇ ಜೋಳದಿಂದ ಬೋರ್ಡಿಂಗಿನಲ್ಲಿದ್ದು ಓದುವ ಅವರ ಕಿರಿಯ ಮಗ ಮಚ್ಛೇಂದ್ರನಿಗೆ ಬೇರೆ ರೊಟ್ಟಿ ಮಾಡಿಸಿದಿರಿ. ಅವನು ತಾಟು ಬಿಟ್ಟೆದ್ದು ಹೊರಟುಹೋದ. ಮೆಟ್ರಿಕ್ ಪರೀಕ್ಷೆ ಬಾಗಿಲಿಗೆ ಬಂದಿದೆ. ಬೋರ್ಡಿಂಗು ಬಿಟ್ಟವರ ಹೆಸರನ್ನು ಪರೀಕ್ಷೆಗೆ ಕಳಿಸುವುದಿಲ್ಲವೆಂದು ತಮ್ಮ ನೋಟೀಸು ಹೊರಟಿದೆ. ಇಷ್ಟಕ್ಕೂ ತಾವು ಇಟ್ಟಿರುವ ಹೆಸರು ‘ದಾನಿಗಳ ಸನ್ಮಾನ’. ಹೆಸರಿಡುವ ಕಲೆಯಲ್ಲಿ ತಮ್ಮನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಇಲ್ಲ.

ಕಾಲ ಬಿಗಿಯಾಗಿದೆ, ಒಪ್ಪಿದೆ. ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಮ್ಮ ಗ್ರ್ಯಾಂಟಿನ ಕಾಗದ ಇನ್ನೂ ಸೇರಿಲ್ಲ. ಹೈದರಾಬಾದಿನವರು ‘ನೀವೀಗ ನಮ್ಮವರಲ್ಲ’ ಎನ್ನುತ್ತಾರೆ, ಬೆಂಗಳೂರಿನವರು ‘ನೀವಿನ್ನೂ ನಮಗೆ ಗೊತ್ತಿಲ್ಲ’ ಎನ್ನುತ್ತಾರೆ. ಮಾಸ್ತರರ ಪಗಾರ ನಡುದಾರಿಯಲ್ಲಿ ಎಲ್ಲೋ ಟಾಂಗಾ ಕಾಯುತ್ತ ಕೂತಿದೆ. ಇಂಥ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳಾದ ನಮ್ಮನ್ನು ತಾವು ಕರೆದದ್ದು ತಪ್ಪಲ್ಲ. ಭಾಲ್ಕಿಯಿಂದ ನಾನು ಬಂದೆ, ಔರಾದ ಕಡೆಯಿಂದ ಗಾಡಿಗಳು ಬಂದವು. ಬಂದವರನ್ನು ತಾವು ಹಸನು ಮಾಡಲು ಮೊರ ಹಿಡಿದು ಕೂತಿರುವಿರೆಂದು ಯಾರಿಗೆ ಗೊತ್ತಿತ್ತು?

ತಾವು ಈ ಸಾಲೆಯಲ್ಲಿ ಕಲಿತವರಲ್ಲ, ಆದ್ದರಿಂದ ಇಲ್ಲಿಯ ರೂಢಿ ಹೇಳುತ್ತೇನೆ. ಇಲ್ಲಿ ಓದಿ ಹೋದವನು ಪ್ರತಿವರ್ಷ ಹಿಂಗಾರಿ ಸುಗ್ಗಿ ಮುಗಿದ ಮೇಲೆ ತನ್ನ ಮನೆಯ ಜೋಳ ತಂದು ಕಣಜಕ್ಕೆ ಸುರಿಯುತ್ತಾನೆ. ಹೊಲವಿಲ್ಲದವನು ಪ್ಯಾಟೆಯಲ್ಲಿ ಕೊಂಡು ತರುತ್ತಾನೆ. ಎಷ್ಟು ತಂದೆ ಎಂದು ಕೇಳುವವರಿಲ್ಲ, ಹೆಸರು ಬರೆಯುವವರಿಲ್ಲ. ಉರ್ದು ಬಾರದವನಿಗೆ ಚಾಕರಿಯೇ ಇಲ್ಲದ ಕಾಲದಲ್ಲಿ ನಮಗೆ ಕನ್ನಡ ಕಲಿಸಿದ ಕಾಶೀರಾಮ ಮಾಸ್ತರರು ಹಾಕಿದ ರೂಢಿ ಇದು. ಸಾಹುಕಾರರೊಬ್ಬರು “ಹೆಸರ ಬರ್ಕೋರಿ ಮಾಸ್ತರ” ಎಂದು ಪಟ್ಟು ಹಿಡಿದಾಗ ಅವರು ಕೊಟ್ಟ ಉತ್ತರವನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ: “ಹೆಸರ ಬರದ್ರ ಬೊಗಸಿ ಜೋಳ ತರಾಂವ ಮುಂದಿನ ವರ್ಷ ಬರಂಗಿಲ್ರಿ. ನನಗ ಅಂವಾ ಬೇಕ್ರಿ.”

ತಾವು ಬಂದಿರಿ, ಸುಧಾರಣೆ ತಂದಿರಿ. ಚೀಲಕ್ಕೊಂದು ಚೀಟಿ, ಚೀಟಿಗೊಂದು ಚಪ್ಪಾಳೆ. ಕೊರಳಿಗೊಂದು ಹಾರ, ಕೊನೆಗೊಂದು ಫಲಾಹಾರ. ಪ್ರಾಸದ ಚಟ ನನಗೂ ಉಂಟು. ಆದರೆ ನನ್ನ ಪ್ರಾಸದಿಂದ ಈವರೆಗೆ ಯಾರ ಊಟವೂ ತಪ್ಪಿಲ್ಲ. ಪ್ಯಾಟೆಯ ದೊಡ್ಡವರ ಚೀಟಿ ಓದಿದಿರಿ, ಹಾರ ಹಾಕಿದಿರಿ, ಚೀಲ ಕಣಜಕ್ಕೆ ಹೋಯಿತು. ನನ್ನದೂ ಹೋಯಿತು. ಒಂದೂವರೆ ವರ್ಷದ ಹಿಂದೆ ಬುದ್ಧನ ದೀಕ್ಷೆ ತೆಗೆದುಕೊಂಡ ಮನೆಯವರಾದ ಕೌಸಲ್ಯಾಬಾಯಿಯವರ ಚೀಟಿಯನ್ನೂ ಓದಿದಿರಿ, ಹಾರವನ್ನೂ ಹಾಕಿದಿರಿ. ಚೀಲ ಮಾತ್ರ ಪಡಸಾಲೆಗೆ ಹೋಯಿತು.

ಅವರು ಹಾರ ಹಾಕಿಕೊಂಡೇ ಕೇಳಿದರು: “ಸಾಹೇಬ್ರ, ಎಲ್ಲಾರ ಚೀಲದ ಬಾಯಿ ಬಿಚ್ಚೀರಿ. ನಮ್ದು ಯಾಕ ಹಾಂಗೇ ಇಟ್ಟೀರಿ?”

“ಅಮ್ಮಾ, ನಿಮ್ದು ಖಾಸ್ ಅದ. ಹೆಸರ ಹಚ್ಚಿ ಬ್ಯಾರೆ ಇಟ್ಟೀವಿ. ಇದು ಸನ್ಮಾನ,” ಎಂದಿರಿ ತಾವು.

“ಸನ್ಮಾನ ಒಳಗ ಹೋಗಂಗಿಲ್ಲೇನ್ರಿ?”

ತಾವು ನಕ್ಕಿರಿ. ಪಂಢರಿ ನಗಲಿಲ್ಲ. “ನಡಿ ಯವ್ವಾ,” ಎಂದ.

“ತಡಿಯೋ. ವರ್ಷಾ ನಾನೇ ನನ್ನ ಕೈಲೆ ಸುರವೀನಿ. ಈ ವರ್ಷ ಜೋಳಕ್ಕ ಹುಳಾ ಹತ್ತ್ಯಾವೇನು, ಕೇಳ್ತೇನಿ.”

ತಾವು ಮುಂದಿನ ಚೀಟಿ ಓದಿದಿರಿ. ಉತ್ತರ ಕೊಟ್ಟದ್ದು ಅವರಿಗಲ್ಲ, ನನಗೆ. ಆಮೇಲೆ ನನ್ನ ಹೆಗಲ ಮೇಲೆ ಕೈಹಾಕಿ ಮೆಲ್ಲಗೆ ಹೇಳಿದಿರಿ: “ವಸಂತರಾವ, ಗ್ರ್ಯಾಂಟ ಇಲ್ಲ, ಪಗಾರ ಇಲ್ಲ. ದೊಡ್ಡ ಮಂದಿ ಕೈ ಬಿಚ್ಚಬೇಕಂದ್ರ ಅವರ ಮನಸ್ಸ ನೋಡಬೇಕಾಗ್ತದ. ನೀವು ಬಿ.ಎ. ಆದವ್ರು, ತಿಳಕೋರಿ.”

“ತಿಳೀತ್ರಿ,” ಎಂದೆ. “ಅವರ ಕೈ ಬಿಚ್ಚಸ್ಲಿಕ್ಕೆ ಈಕಿ ಚೀಲದ ಬಾಯಿ ಕಟ್ಟೀರಿ.”

ಈಗ ತಮ್ಮ ವಿವೇಕವನ್ನೇ ಹಿಡಿದು ಕೇಳುತ್ತೇನೆ. ಪಂಢರಿ ಇಲ್ಲಿ ಓದಿ ಹೋದಾಗಿನಿಂದ ಆ ಮನೆಯ ಜೋಳ ಈ ಕಣಜಕ್ಕೆ ಬಿದ್ದಿದೆ. ಹೋದ ವರ್ಷದ್ದು ಇನ್ನೂ ತಳದಲ್ಲಿದೆ. ಅದರಲ್ಲಿ ಯಾವ ಕಾಳು ಎಕಂಬಾದ್ದು, ಯಾವುದು ಮನ್ನಳ್ಳಿಯದು, ಆರಿಸಿ ತೋರಿಸಬಲ್ಲಿರಾ? ವಾರ್ಷಿಕೋತ್ಸವದ ಪಂಗ್ತಿಯಲ್ಲಿ ತಾವು ಅದೇ ಕಣಜದ ರೊಟ್ಟಿ ಉಂಡಿರಿ, ಮೆತ್ತಗಿದೆಯೆಂದು ಹೊಗಳಿ ಮತ್ತೊಂದು ಹಾಕಿಸಿಕೊಂಡಿರಿ. ಅದನ್ನು ಈಗ ಯಾವ ಪಡಸಾಲೆಯಲ್ಲಿ ಇಡಿಸುವಿರಿ? ಹೊಟ್ಟೆಗೆ ಚೀಟಿ ಹಚ್ಚಿಸುವಿರಾ? ಅಸ್ಪೃಶ್ಯತೆ ಅಪರಾಧವೆಂದು ದಿಲ್ಲಿಯಲ್ಲಿ ಕಾಯ್ದೆಯಾಗಿದೆ. ಅದೂ ನಮ್ಮ ಗ್ರ್ಯಾಂಟಿನ ಹಾಗೆ ಇನ್ನೂ ದಾರಿಯಲ್ಲಿದೆಯೆಂದು ತಾವು ತಿಳಿದಿರಬೇಕು.

ಮಚ್ಛೇಂದ್ರ ಬೀದರದ ಹತ್ತಿರದ ಕೊಳಾರದಲ್ಲಿ ಅಣ್ಣ ಪಂಢರಿಯ ಬಾಡಿಗೆ ಕೋಣೆಯಲ್ಲಿದ್ದಾನೆ. ಬೀಜಗಣಿತದಲ್ಲಿ ವರ್ಗಕ್ಕೇ ಮೊದಲಿಗನಾದ ಹುಡುಗ ಪುಸ್ತಕಗಳನ್ನು ಗಂಟು ಕಟ್ಟಿ ಮೂಲೆಗಿಟ್ಟಿದ್ದಾನೆ. “ಪರೀಕ್ಷಾಕ್ಕ ಕೂಡಂಗಿಲ್ಲೇನೋ?” ಎಂದೆ.

“ಕೂಡ್ತೇನಿ ಕಾಕಾ. ಆದ್ರ ಎಲ್ಲಾರ ರೊಟ್ಟಿ ನನಗೂ ಹಾಕಿದ್ರ ಹೋಗ್ತೇನಿ. ಬ್ಯಾರೆ ರೊಟ್ಟಿ ಉಂಡು ಪಾಸಾಗೂದು ನನಗ ಬ್ಯಾಡ.”

“ಒಂದು ತಿಂಗಳ ಮಾತದಪಾ,” ಎಂದೆ, ಬಿ.ಎ. ಆದವರಂತೆ.

“ನೀವು ಉಣ್ತೀರೇನ್ರಿ ಒಂದು ತಿಂಗಳ?”

ಆ ಪ್ರಶ್ನೆಯನ್ನು ಹಾಗೆಯೇ ತಮಗೆ ಸಾಗಿಸಿದ್ದೇನೆ.

ನಮ್ಮ ಬೇಡಿಕೆ ಚಿಕ್ಕದು. ಬರುವ ರವಿವಾರದೊಳಗೆ ಆ ಚೀಲದ ಬಾಯನ್ನು ತಾವೇ ಬಿಚ್ಚಿ, ಕೌಸಲ್ಯಾಬಾಯಿಯವರ ಎದುರಿಗೆ ಕಣಜಕ್ಕೆ ಸುರಿಯಬೇಕು. ನೋಟೀಸು ಹರಿಯಬೇಕು. ಕೊಳಾರಕ್ಕೆ ಹೋಗಿ ಹುಡುಗನನ್ನು ಕರೆತಂದು ಪಂಗ್ತಿಯಲ್ಲಿ ಕೂಡಿಸಿ, ಅವನ ಪಕ್ಕದಲ್ಲಿ ತಾವೂ ಉಣ್ಣಬೇಕು. ತಮ್ಮ ಪ್ರತಿಷ್ಠೆಗೆ ಇದು ಒಗ್ಗದಿದ್ದರೆ ಬಲವಂತವಿಲ್ಲ. ಸೋಮವಾರ ಮುಂಜಾನೆ ಹಳೆಯ ವಿದ್ಯಾರ್ಥಿಗಳಾದ ನಾವು ಪಡಸಾಲೆಯಲ್ಲೇ ಒಲೆ ಹೂಡುತ್ತೇವೆ. ಬೋರ್ಡಿಂಗಿನ ಹುಡುಗರಿಗೆಲ್ಲ ಆ ಚೀಲದ ಜೋಳದಿಂದಲೇ ರೊಟ್ಟಿ. ಅದು ತೀರಿದರೆ ನಮ್ಮ ಮನೆಗಳಿಂದ ಮತ್ತೆ ತಂದು ಅದೇ ಚೀಲಕ್ಕೆ ಸುರಿಯುತ್ತೇವೆ. ಹುಡುಗರು ಒಪ್ಪಿದ್ದಾರೆ. ಕೌಸಲ್ಯಾಬಾಯಿಯವರನ್ನೂ ಕೇಳಿದ್ದಾಗಿದೆ. “ಉಣ್ಲಿ ಅಂತೇ ತಂದೀನಿ, ಉಣ್ಲಿ ಬಿಡ್ರಿ,” ಎಂದರು.

ಒಳಗಿನ ಕಣಜಕ್ಕೆ ತಾವೊಬ್ಬರೇ ಅಧ್ಯಕ್ಷರಾಗಿರಿ.

ಇಂತಿ,
‘ನಮ್ಮ ಸಾಲೆ’ ಎಂದು ಬರೆಯುವಾಗ ಈ ಸಲ ಕೈ ತಡೆದ,
ಆದರೂ ಹಾಗೆಯೇ ಬರೆದ,
ವಸಂತ, ಭಾಲ್ಕಿ