ಉಲಪಿ ತೆರೆಯದ ಕಿಂಡಿ

ಬೋಳಗುಂಡು
ಎರಡನೆಯ ವೈಶಾಖದ ನಲವತ್ತೊಂದನೆಯ ದಿನ, ಇಸವಿ 2209

ಅವ್ವಾ ಹುಲಿಗೆಮ್ಮ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಉದ್ದವಾದ ಮೇಲೆ ನಾವು ವೈಶಾಖವನ್ನು ಎರಡು ಮಾಡಿಕೊಂಡೆವು. ಎರಡನೆಯದು ಮುಗಿಯುವುದೇ ಇಲ್ಲ. ನಾನು ಗಾಳೆಮ್ಮ, ನಿನ್ನ ಮೊಮ್ಮಗಳ ಮೊಮ್ಮಗಳ ಮಗಳು. ವಾವೆಯಲ್ಲಿ ನೀನು ಹಿರಿಯಳು, ಆದರೆ ಇದು ನಿನ್ನ ಕೈ ಸೇರುವಾಗ ನಿನಗೆ ಇಪ್ಪತ್ತಾರು, ನನಗೆ ಎಂಬತ್ತು. ಏಕವಚನವೋ ಬಹುವಚನವೋ ಎಂದು ಬೆಳಗಿನಿಂದ ಯೋಚಿಸಿ, ಕೊನೆಗೆ ಅವ್ವಾ ಎಂದೆ. ನಮ್ಮ ಕಡೆ ಅದು ತಾಯಿಗೂ ಸಲ್ಲುತ್ತದೆ, ಮಗಳಿಗೂ ಸಲ್ಲುತ್ತದೆ. ಚಿಕ್ಕಂದಿನಲ್ಲಿ ನೀರು ಹುಡುಕಿಕೊಂಡು ಊರೂರು ಅಲೆದವಳು ನಾನು, ಶಾಲೆ ಕಾಣಲಿಲ್ಲ. ಅಕ್ಷರ ಕಲಿತದ್ದು ಅಂಗಡಿಗಳ ಬೋರ್ಡು ಓದಿ. ನಿನ್ನ ಕಾಲದಲ್ಲಿ ಇನ್ನೂ ಹುಟ್ಟದ ಪದಗಳು ಇಲ್ಲಿ ನುಸುಳಿದರೆ ಕ್ಷಮಿಸು, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನೀನು ಮೃಗಾಲಯದಲ್ಲಿ ಕರಡಿಗಳಿಗೆ ರಾಗಿ ಗಂಜಿ ಕಾಯಿಸುತ್ತಿದ್ದೆ ಎಂಬುದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ನಿನಗಿಂತ ಮುಂಚೆ ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದರಂತೆ. ಸಿಮೆಂಟಿನ ಗುಂಡಿಯಲ್ಲಿ ಇಟ್ಟು ಮೇಲಿನಿಂದ ಕಡಲೆಕಾಯಿ ಎಸೆಯುತ್ತಿದ್ದರಂತೆ. ಆಮೇಲೆ ಕಬ್ಬಿಣದ ಸರಳು. ನಿನ್ನ ಕಾಲಕ್ಕೆ ಸರಳು ಹೋಗಿ ಕಂದಕ ಬಂತು. ಮಣ್ಣು, ಮರ, ಜೇನು ಸವರಿದ ದಿಮ್ಮಿ ಬಂದವು. ಒಳ್ಳೆಯದೇ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಕರಡಿ ಕಾಣಲೇಬೇಕು ಎಂಬ ಹಟ ಮಾತ್ರ ಹಾಗೇ ಉಳಿಯಿತು.

ಆ ಹಟ ಬಿಡಲು ನಮಗೆ ನೂರು ವರ್ಷ ಹಿಡಿಯಿತು. ಗುಡ್ಡಗಳು ಕಾದ ಹೆಂಚಾದ ಮೇಲೆ ಹೊರಗೆ ಬದುಕಲಾರದ ಕರಡಿಗಳಿಗೆ ನಾವು ಮರೆಯಂಗಳ ಮಾಡಿದ್ದೇವೆ. ಹೆಸರೇ ಹೇಳುವ ಹಾಗೆ, ಅದು ಯಾರ ಕಣ್ಣಿಗೂ ಬೀಳದ ಅಂಗಳ. ಒಳಗೆ ಆಲ, ಕಾರೆ, ಬಾರಿಗಿಡಗಳಿವೆ, ಗೆದ್ದಲು ತುಂಬಿದ ಹುತ್ತಗಳಿವೆ, ರಾತ್ರಿ ತಣಿದ ನೀರು ಗೋಡೆಯೊಳಗೇ ಹರಿದು ತಂಪಾಗಿರುವ ಕಲ್ಲಿನ ಗವಿ ಇದೆ. ಜನ ಹೊರಗೆ ಒಂದು ಕತ್ತಲೆ ಓಣಿಯಲ್ಲಿ ಕೂರುತ್ತಾರೆ. ಗೋಡೆಯಲ್ಲಿ ಒಪ್ಪುಗಿಂಡಿ ಇದೆ. ಅದರ ಹಿಡಿಕೆ ಇರುವುದು ಕರಡಿಯ ಕಡೆ. ಅದಕ್ಕೆ ನಮ್ಮನ್ನು ನೋಡುವ ಮನಸ್ಸಾದರೆ ಉಗುರು ಹಾಕಿ ಎಳೆಯುತ್ತದೆ, ಬೇಸರವಾದರೆ ಬಿಟ್ಟು ಹೋಗುತ್ತದೆ, ಕಿಂಡಿ ತಾನೇ ಮುಚ್ಚುತ್ತದೆ. ಎಷ್ಟೋ ಸಲ ಮಕ್ಕಳು ಬರೀ ಉಸಿರಿನ ಸದ್ದು ಕೇಳಿ, "ಇವತ್ ಕರಡಿಗೆ ಪುರಸೊತ್ತಿಲ್ಲ" ಎಂದು ಹೇಳಿಕೊಳ್ಳುತ್ತ ಮನೆಗೆ ಹೋಗುತ್ತಾರೆ. ನಮ್ಮ ಹೆಣ್ಣು ಕರಡಿ ಉಲಪಿಗೆ ದರ್ಜಿ ಪರಸಪ್ಪನ ಸೀನು ಎಂದರೆ ಪ್ರಾಣ. ಅವನು ಸೀನಿದರೆ ಸಾಕು, ಕಿಂಡಿ ತೆರೆದು ಮೂತಿ ಚಾಚುತ್ತಿದ್ದಳು. ನಾನು ಇಲ್ಲಿಯ ಕಿಂಡಿಕಾವಲು. ಒಳಬಾಗಿಲಿನ ಬೀಗದ ಕೈ ನನ್ನಲ್ಲಿರುತ್ತದೆ.

ಕಳೆದ ಮಳೆಗಾಲದಿಂದ ಉಲಪಿ ಕಿಂಡಿ ತೆರೆದಿಲ್ಲ. ಕಾಯಿಲೆಯಿಲ್ಲ, ಚೆನ್ನಾಗಿ ಉಣ್ಣುತ್ತಾಳೆ, ಹುತ್ತ ಕೆದರುತ್ತಾಳೆ. ನಮ್ಮನ್ನು ನೋಡುವುದು ಅವಳಿಗೆ ಸಾಕಾಗಿದೆ, ಅಷ್ಟೇ. ಪರಸಪ್ಪ ನಶ್ಯ ಏರಿಸಿ ಸೀನಿದ್ದೂ ಆಯಿತು. ದೂರದಿಂದ ಬಂದವರು ಏನೂ ಕಾಣದೆ ಹಿಂದಿರುಗಿದರು, ಬರುವವರೇ ಕಡಿಮೆಯಾದರು. ಊರು ಸಭೆ ಸೇರಿತು. ಸಭೆಯ ಹಿರಿತನ ನನ್ನ ತಂಗಿಯ ಮಗ ಯಂಕೋಬನದು.

"ದೊಡ್ಡವ್ವ, ಒಂದ್ ಬೆರಳು ಬೆಲ್ಲ. ಹಿಡಿಕಿಗೆ ಸವರಿದ್ರ ಮುಗೀತು," ಎಂದ. "ಯಾರರ ಹೊಡಿಯಾಕತ್ತೀವೇನು ಅದನ್ನ?"

"ಹೊಡಿಲಿಲ್ಲಂದ್ರ ಒಪ್ಪಿಗಿ ಆತೇನೋ? ನಿನ್ನ ಹೇಣ್ತಿ ಬಾಯಾಗ ಬೆಲ್ಲ ತುರುಕಿ, ಹ್ಞೂಂ ಅಂದ್ಲು ಅಂತ ಮದುವಿ ಮಾಡಿದ್ವೇನು?"

ಅವನ ಹೆಂಡತಿ ಹಿಂದಿನಿಂದ, "ನನಗ ಬೆಲ್ಲಾನೂ ಕೊಡಲಿಲ್ಲ ಅತ್ತಿ, ಹಂಗ ಕರ್ಕೊಂಡ್ ಬಂದ್ರಿ," ಎಂದಳು. ಸಭೆಯೆಲ್ಲ ನಕ್ಕಿತು. ನಕ್ಕ ಮೇಲೆ ಎಲ್ಲರೂ ಬೆಲ್ಲಕ್ಕೇ ಕೈ ಎತ್ತಿದರು. ಊರ ಮಾತು ಊರ ಮಾತು. ಬೀಗದ ಕೈ ಕೊಟ್ಟೆ.

ಬೆಳಿಗ್ಗೆ ಕಿಂಡಿ ತೆರೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಯಂಕೋಬ ನನ್ನ ಕಡೆ ನೋಡಿ ಮೀಸೆ ತಿರುವಿದ. ನಾನು ಉಲಪಿಯ ಕಣ್ಣು ನೋಡುತ್ತಿದ್ದೆ. ಅದು ನಮ್ಮ ಮೇಲೆ ಒಮ್ಮೆಯೂ ಬೀಳಲಿಲ್ಲ, ಹಿಡಿಕೆಯ ಮೇಲೇ ಇತ್ತು. ಬೆಲ್ಲ ಮುಗಿದ ಮೇಲೂ ಎಳೆದಳು, ಬಿಟ್ಟಳು, ಎಳೆದಳು. ಕೆಲವೇ ದಿನಗಳಲ್ಲಿ ಹುತ್ತದ ಕಡೆ ಹೋಗುವುದನ್ನು ಮರೆತಳು. ಒಂದು ಸಂಜೆ ಯಂಕೋಬನಿಂದ ಬೀಗದ ಕೈ ಇಸಿದುಕೊಂಡು ನೀರು ತುಂಬಿಸಲು ಹೋದಾಗ ಕಂಡೆ: ಮುಚ್ಚಿದ ಕಿಂಡಿಯ ಮುಂದೆ ನಿಂತು ತಲೆಯನ್ನು ಆ ಕಡೆ ಈ ಕಡೆ, ಆ ಕಡೆ ಈ ಕಡೆ ತೂಗುತ್ತಿದ್ದಳು. ಅಂಥ ತೂಗಾಟವನ್ನು ನಾನು ಸಿಮೆಂಟಿನ ಗುಂಡಿಯ ಕಾಲದ ಹಳೆಯ ಚಿತ್ರಗಳಲ್ಲಿ ಮಾತ್ರ ನೋಡಿದ್ದೆ. ನೀನು ದಿನಾ ನೋಡುತ್ತಿರಬಹುದು.

ಅವಳು ಗವಿ ಸೇರಿದ ಮೇಲೆ ಒಳಗೆ ಹೋಗಿ, ಹಿಡಿಕೆಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದೆ. ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಹಿಂದಿರುಗಿಸದೆ ಸೆರಗಿಗೆ ಗಂಟು ಹಾಕಿಕೊಂಡು, ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಅರ್ಧ ಊರು ನನ್ನೊಡನೆ ಮಾತು ಬಿಟ್ಟಿದೆ. ಯಂಕೋಬ ಬಂದು, "ಎಷ್ಟ್ ದಿನ ಕುಂದರ್ತಿ ದೊಡ್ಡವ್ವ?" ಎಂದು ಕೇಳಿದ.

"ನೀ ಎಷ್ಟ್ ದಿನ ಬೆಲ್ಲ ಹಿಡ್ಕೊಂಡ್ ನಿಂದರ್ತಿ, ಅಷ್ಟ್ ದಿನ."

"ಹಟಮಾರಿ ಮುದುಕಿ," ಎಂದು ಗೊಣಗಿದ. ಆದರೂ ಒಂದು ಚೊಂಬು ಮಜ್ಜಿಗೆ ಇಟ್ಟು ಹೋದ.

ನಾಳೆ ಸಭೆ ಮತ್ತೆ ಕೂಡುತ್ತದೆ. ನನ್ನನ್ನು ಕಾವಲಿನಿಂದ ತೆಗೆಯಬಹುದು. ತೆಗೆದರೂ ಎದ್ದು ಹೇಳುವುದು ಒಂದೇ ಮಾತು: ಉಲಪಿ ನಮ್ಮನ್ನು ಬೇಡ ಎಂದಿದ್ದಾಳೆ, ಆ ಬೇಡವನ್ನು ಉಳಿಸುವುದಕ್ಕೇ ಈ ಗೋಡೆ ಕಟ್ಟಿದ್ದು. ಹೊತ್ತುಕೊಂಡು ಹೋಗಿ ಹೊರಗೆ ಹಾಕಿದರೆ ಮರುದಿನ ಬಂದು ಮತ್ತೆ ಕೂರುತ್ತೇನೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಈ ಕಿಂಡಿ ಆಕಾಶದಿಂದ ಉದುರಿದ್ದಲ್ಲ. ನಿನ್ನ ಕಾಲದಲ್ಲಿ ಬೆಳಿಗ್ಗೆ ಕರಡಿಗಳನ್ನು ಬಯಲಿಗೆ ಬಿಟ್ಟು, ಅವು ಒಳಗೆ ಹೋಗಿ ಅವಿತುಕೊಳ್ಳದ ಹಾಗೆ ಮಲಗುವ ಕೋಣೆಯ ಚಿಲಕ ಹಾಕುತ್ತಿದ್ದರಂತೆ. ಒಂದು ದಿನ ಯಾರೋ ಆ ಚಿಲಕ ಹಾಕಲಿಲ್ಲವಂತೆ. ಕರಡಿಯೊಂದು ಜನರ ಕೂಗಿಗೆ ಬೆನ್ನು ತಿರುಗಿಸಿ ಒಳಗೆ ಹೋಗಿ ಮಲಗಿತಂತೆ. ಟಿಕೆಟ್ ಕೊಂಡವರು ರೇಗಿದರಂತೆ. ಅಲ್ಲಿಂದ ಎಲ್ಲ ಶುರುವಾಯಿತು ಎನ್ನುತ್ತಾರೆ. ಯಾರು ಎಂದು ಹೆಸರು ಉಳಿದಿಲ್ಲ. ನೀನೇ ಇರಬಹುದು, ಇಲ್ಲದೆಯೂ ಇರಬಹುದು. ಯಾರೋ ಮಾಡುತ್ತಾರೆ ಎಂದು ಕಾಯಬೇಡ. ನಾಳೆ ಗಂಜಿ ಇಟ್ಟು ಬರುವಾಗ ಚಿಲಕ ತೆಗೆದೇ ಬಿಡು. ಬೈಯುತ್ತಾರೆ, ಬೈಸಿಕೋ. ನಾಡಿದ್ದು ಮತ್ತೆ ತೆಗಿ.

ನಿನ್ನ
ಗಾಳೆಮ್ಮ