ಅತ್ತೆಯ ಉಬ್ಬಿದ ಕೆನ್ನೆ ಮತ್ತು ಫೋನಿನ ಮುಂಗಣ್ಣು

ಗಾಳಿಪೇಟೆ, ಇಸವಿ ೨೨೯೧, ಫೆಬ್ರವರಿ ಮೂವತ್ತೊಂದು.

ಇಪ್ಪತ್ತೊಂದನೆಯ ಶತಮಾನದ ಮಾನ್ಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಅರೆಹೊಟ್ಟೆಯಲ್ಲಿದ್ದ ಫೆಬ್ರವರಿಗೂ ನಮ್ಮಲ್ಲಿ ಈಗ ಹೊಟ್ಟೆ ತುಂಬ ದಿನ ಬಡಿಸುತ್ತಾರೆ. ನನ್ನ ಕೆಲವು ಮಾತುಗಳು ಅನ್ನದಲ್ಲಿ ಕಲ್ಲು ಸಿಕ್ಕಂತಾದರೆ ಕ್ಷಮೆಯಿರಲಿ; ಈ ಪತ್ರದಲ್ಲಿ ಕಲ್ಲುಗಳು ಹೇಗೂ ಬರುತ್ತವೆ.

ಗದಗದ ಗಾಳಿಕಂಬಗಳ ಬುಡದಲ್ಲಿರುವ ನಮ್ಮ ಪೇಟೆಯಲ್ಲಿ ಹೊಸ ಫೋನು ಮಾಡುವವರಿಲ್ಲ. ನೀವು ಎಸೆದುಹೋದವನ್ನೇ ತಿಪ್ಪೆಗಣಿಯಿಂದ, ಅಂದರೆ ನಿಮ್ಮ ಕಸದ ಗುಡ್ಡಗಳಿಂದ, ಅಗೆದು ತಂದು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುತ್ತೇವೆ. ಚಹಾ ಕಾಸಲು ಬಾರದವನಿಗೂ ಕ್ಯಾಮೆರಾ ಬದಲಿಸಲು ಬರಲೇಬೇಕು. ಏಕೆಂದರೆ ನಮ್ಮಲ್ಲಿ ಮುಖವೇ ಮುಖ್ಯ. ಓಣಿಯ ತುದಿಯ ಕಂಬದ ಮೇಲೆ ಸಂಜೆಕೋವಿ ಇದೆ: ನೀರಿನ ಯುದ್ಧ ಮುಗಿದರೂ ಕೆಳಗಿಳಿಸಲು ಯಾರಿಗೂ ಧೈರ್ಯ ಸಾಲದ, ಆಳಿಲ್ಲದೆ ತಾನೇ ಗುಂಡು ಹಾರಿಸುವ ಬಂದೂಕು. ಹೊತ್ತು ಮುಳುಗುವುದರೊಳಗೆ ಪ್ರತಿಯೊಬ್ಬರೂ ತಮ್ಮ ಫೋನಿನ ಮುಂಗಣ್ಣಿಗೆ, ಅಂದರೆ ನೀವು ಸೆಲ್ಫಿ ತೆಗೆಯುತ್ತಿದ್ದ ಕ್ಯಾಮೆರಾಕ್ಕೆ, ಮುಖ ತೋರಿಸಬೇಕು. ಒಬ್ಬರ ಮುಖ ಇನ್ನೊಬ್ಬರ ಫೋನಿಗೆ ನಡೆಯದು. ತೋರಿಸದವರು ಶತ್ರು, ಗೋಡೆಯ ಹಿಂದೆ ಅಡಗಿದರೂ ಗುಂಡು ಗೋಡೆಯ ಅಪ್ಪಣೆ ಕೇಳುವುದಿಲ್ಲ. ನೀವು ಮೆಚ್ಚುಗೆಗಾಗಿ ಸೆಲ್ಫಿ ತೆಗೆದಿರಿ, ನಾವು ಉಳಿವಿಗಾಗಿ.

ನನ್ನ ಸೋದರತ್ತೆ ಗುರುಶಾಂತವ್ವ ಮುಖ ತೋರಿಸುವುದು ನಮ್ಮ ಮನೆಯ ದಿನದ ನಾಟಕವಾಗಿತ್ತು. ಎಡಗೆನ್ನೆಯನ್ನು ಬಲೂನಿನಂತೆ ಉಬ್ಬಿಸಿ, ಅದೇ ಕಡೆಯ ಕಣ್ಣನ್ನು ಕಿರಿದು ಮಾಡಿ ನಿಲ್ಲುವಳು. ಗುರುತು ಸಿಕ್ಕಿತೆಂದು ಫೋನಿನ ಹಸಿರು ದೀಪ ಹತ್ತಿದೊಡನೆ ಅದರ ತೆರೆಯನ್ನು ಹೆಬ್ಬೆರಳಿನಿಂದ ಮುಚ್ಚುವಳು. "ಬಾಯಾಗಿನ ಉಂಡಿ ನುಂಗಬೇ ಅತ್ತಿ," ಎಂದು ನಾನು ಕಾಡಿದರೆ, "ನಿನಗ್ಯಾಕೋ ಬಾಡ್ಯಾ, ನನ್ನ ಮಾರಿ ನನ್ನ ಖುಷಿ," ಎನ್ನುವಳು.

ಮೊನ್ನೆ ಅವಳ ಗಂಡ ಈರಭದ್ರ ಬಂದ. ಅತ್ತೆ ಅವನನ್ನು ಬಿಟ್ಟು ಬಂದದ್ದು ನಾನು ಹುಟ್ಟುವ ಮೊದಲು. ಈಗ ಮುದುಕನಾದ ಅವನಿಗೆ ರೊಟ್ಟಿ ಬಡಿಯುವ ಕೈ ಬೇಕಿತ್ತು. ಅವನ ಕೈಗೂ ಬಡಿಯಲು ಬರುತ್ತಿತ್ತು, ರೊಟ್ಟಿಯನ್ನಲ್ಲ. ಇಬ್ಬರು ತಮ್ಮಂದಿರನ್ನು ಬೆನ್ನಿಗಿಟ್ಟುಕೊಂಡು ಅತ್ತೆಯ ಜಡೆ ಹಿಡಿದು ಅಂಗಳಕ್ಕೆಳೆದ. ಅತ್ತೆ ಕೈಯಲ್ಲಿದ್ದ ಫೋನಿನಿಂದ ಅವನ ಹಣೆಗೆ ನೇರ ಸಂಪರ್ಕ ಸಾಧಿಸಿದಳು. ಹಣೆ ಒಡೆಯಿತು. ಮುಂಗಣ್ಣೂ ಒಡೆಯಿತು. ನಾನು ಅವಳನ್ನು ಒಳಗೆಳೆದುಕೊಂಡು ಅಗಳಿ ಹಾಕಿದೆ.

ಹೊರಗಿನಿಂದ ಅವನ ನಗು ಕೇಳಿತು. "ಬಾಗಲಾ ಒಡಿಯೂದು ಬ್ಯಾಡ್ರೋ. ರಿಪೇರಿ ಮಾಡಾಕ ಆಗಲಾರದಂಗ ಕಲ್ಲು ಒಗೀರಿ ಸಾಕು. ಹೊತ್ತು ಮುಳುಗಿದ ಮ್ಯಾಲ ಕೋವಿ ನೋಡಕೊಂತೈತಿ."

ನಮ್ಮದು ಒಂದೇ ಕೋಣೆಯ ಮನೆ. ಕಿಟಕಿಯ ಗಾಜು ಹೋದ ಮೇಲೆ ಕಲ್ಲಿಗೆ ಎಟುಕದ ಮೂಲೆಯೇ ಇಲ್ಲ. ಬಿಸಿ ಉಸುಕಿನ ಗಂಟಿನಿಂದ ಫೋನಿನ ಬೆನ್ನಿಗೆ ಶಾಖ ಕೊಟ್ಟು ಅಂಟು ಸಡಿಲಿಸಿದೆ. ತೆಂಗಿನ ಚಿಪ್ಪಿನ ತೆಳು ಚೂರು ತೂರಿಸಿ, ಬ್ಯಾಟರಿಗೆ ತಾಗದಂತೆ ಹಿಂಬದಿ ಎಬ್ಬಿಸಿದೆ. ತಾಗಿ ಅದು ಸಿಡಿದಿದ್ದರೆ ಕೋವಿಯ ಗುಂಡು ಉಳಿತಾಯವಾಗುತ್ತಿತ್ತು. ಬ್ಯಾಟರಿಯ ಸಂಪರ್ಕ ಬಿಡಿಸಿ, ಒಡೆದ ಕಣ್ಣನ್ನು ಚಿಮುಟದಿಂದ ಎತ್ತಿ, ತಿಪ್ಪೆಗಣಿಯಲ್ಲಿ ಸಿಕ್ಕಿದ್ದ, ನೀವು ಬಳಸದೆಯೇ ಎಸೆದ ಹೊಸದನ್ನು ಕೂರಿಸಿ ಒತ್ತಿದೆ. ಫೋನು ಹಚ್ಚಿದರೆ ಬರೀ ಮಂಜು! ಹೊಸ ಕ್ಯಾಮೆರಾದ ಮೇಲಿನ ತೆಳು ಹಾಳೆಯನ್ನು ಸುಲಿಯುವುದನ್ನೇ ಮರೆತಿದ್ದೆ. ಮತ್ತೆ ಬಿಚ್ಚಿದೆ. ಅತ್ತೆ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಆಗ ಮುಷ್ಟಿಗಾತ್ರದ ಕಲ್ಲೊಂದು ಅವಳ ಎಡಗೆನ್ನೆಗೆ ಬಡಿಯಿತು. ಹಲ್ಲೊಂದು ನೆಲಕ್ಕೆ ಬಿದ್ದು ಉರುಳಿತು. ರಕ್ತ ನನ್ನ ಬೆರಳುಗಳ ಮೇಲೆ ಹನಿಯಿತು. ಬೆಳಕು ಮಾತ್ರ ಅಲ್ಲಾಡಲಿಲ್ಲ.

ಬಿಸಿಲು ಗೋಡೆಯ ತುದಿಗೇರಿ ಕೆಂಪಾದಾಗ ಫೋನನ್ನು ಅವಳೆದುರು ಹಿಡಿದೆ. ಕೆನ್ನೆ ಬಾತಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಈ ಮುಖವನ್ನು ಯಾವ ಫೋನು ಗುರುತಿಸೀತು ಎಂದುಕೊಂಡೆ. ಅತ್ತೆ ಕೆನ್ನೆ ಉಬ್ಬಿಸಲಿಲ್ಲ. ಸುಮ್ಮನೆ ನಿಂತಳು. ಹಸಿರು ದೀಪ ಎಂದಿಗಿಂತ ಬೇಗ ಹತ್ತಿತು.

ಗುರುತು ಸಿಕ್ಕಾಗ ನಮ್ಮ ಫೋನುಗಳು ಮೊದಲ ನೋಂದಣಿಯ ಚಿತ್ರವನ್ನು ಒಂದು ಕ್ಷಣ ತೋರಿಸುತ್ತವೆ. ಅವತ್ತು ಫೋನು ನನ್ನ ಕೈಯಲ್ಲಿತ್ತು, ಹೆಬ್ಬೆರಳು ಅಡ್ಡ ಬರಲಿಲ್ಲ. ಚಿತ್ರದಲ್ಲಿ ಎಳೆಯ ವಯಸ್ಸಿನ ಗುರುಶಾಂತವ್ವ ಇದ್ದಳು. ಎಡಗೆನ್ನೆ ಬಾತಿತ್ತು, ಕಣ್ಣು ಅರ್ಧ ಮುಚ್ಚಿತ್ತು.

"ಲಗ್ನ ಆದ ವರ್ಷ ತಗದದ್ದು," ಎಂದಳು. "ತಗಿಯಾಂವ ಅಲ್ಲಾಡಬ್ಯಾಡ ಅಂದ. ಅಲ್ಲಾಡಲಿಲ್ಲ."

ಹೊತ್ತು ಮುಳುಗಿದರೂ ಗುಂಡಿನ ಸದ್ದು ಕೇಳಲಿಲ್ಲವೆಂದು ಈರಭದ್ರ ಒಡೆದ ಕಿಟಕಿಯೊಳಗೆ ತಲೆ ತೂರಿಸಿದ. ಅತ್ತೆ ನನ್ನ ಕೈಯಿಂದ ಫೋನು ಕಸಿದು ಮೇಲೆತ್ತಿದಳು. "ಅತ್ತಿ, ಕ್ಯಾಮೆರಾ ಹೊಸಾದು!" ಎಂದು ಕೂಗಿಕೊಂಡೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಜೋಪಾನವಾಗಿ ನನಗೆ ಕೊಟ್ಟು, ಒರಳಿನ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ತಮ್ಮಂದಿರು ಅವನನ್ನು ಗಾಡಿಗೆ ಹಾಕಿಕೊಂಡು ಹೋದರು. ಮರುದಿನ ಸಂಜೆ ಅವನ ಫೋನು ಆ ಮುಖವನ್ನು ಗುರುತಿಸಿತೋ ಇಲ್ಲವೋ, ನಾವು ವಿಚಾರಿಸಿಲ್ಲ.

ಮೊದಲ ಚಿತ್ರವನ್ನು ಬದಲಿಸುವ ದಾರಿ ನಮ್ಮಲ್ಲಿಲ್ಲ. ಅತ್ತೆಯ ಬಾವು ಇಳಿಯುತ್ತಿದೆ. ಅದು ಪೂರ್ತಿ ಇಳಿದ ದಿನದಿಂದ ಅವಳು ಮತ್ತೆ ಕೆನ್ನೆ ಉಬ್ಬಿಸಬೇಕು. ನಾನು ಇನ್ನು ಉಂಡಿಯ ಮಾತೆತ್ತುವುದಿಲ್ಲ. ನಿಮ್ಮಲ್ಲಿ ಒಂದು ಬೇಡಿಕೆ: ಯಾರದಾದರೂ ಗುರುತಿನ ಚಿತ್ರ ತೆಗೆಯುವ ಕೆಲಸ ನಿಮ್ಮ ಪಾಲಿಗೆ ಬಂದರೆ, ಅಲ್ಲಾಡಬೇಡಿ ಎನ್ನುವ ಮೊದಲು ಮುಖಕ್ಕೇನಾಯಿತು ಎಂದು ಕೇಳಿ.

ಹೊತ್ತು ಇಳಿಯುತ್ತಿದೆ. ಮುಖ ತೋರಿಸಲು ಏಳುತ್ತೇನೆ.

ನಿಮ್ಮ ಮರಿಮಗನ ಮರಿಮಗ,
ಚಿದಂಬರ