ಅಪ್ಪ ತಲೆಯಾಡಿಸಿದ್ದು

ಅಂಗಡಿಯ ಮಹಡಿ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಅಕ್ಕನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ನೀನು, ಭಾವ, ಮಕ್ಕಳು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಭಾವನ ಬೆನ್ನುನೋವು ಹೇಗಿದೆ? ಅವರ ಕುರ್ಚಿಯ ಸ್ಪಂಜು ಕುಸಿದಿದೆ, ಬದಲಿಸಿ ಎಂದು ಹೋದ ಸಲವೇ ಹೇಳಿದ್ದೆ. ಬದಲಿಸಿರುವುದಿಲ್ಲ, ಅದಕ್ಕೂ ಪ್ರಾರ್ಥನೆ ಮಾಡಿಕೊಂಡು ಕೂತಿರುತ್ತೀರಿ. ಚಿಕ್ಕವಳ ಕೆಮ್ಮು ನಿಂತಿತೇ? ಅವಳಿಗೆ ನನ್ನದೊಂದು ಮುತ್ತು ಕೊಡು. ಅವಳ ಮೇಲೆ ನನಗೇನೂ ಕೋಪವಿಲ್ಲ. ನಾನು ಚೆನ್ನಾಗಿದ್ದೇನೆ. ಅಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊನ್ನೆ ಸಂಗೀತದ ಟೀಚರ್ ಅಂಗಡಿಗೆ ಬಂದಿದ್ದರು. ಅವರ ಪಿಯಾನೊ ಮುಂದಿನ ಸ್ಟೂಲಿಗೆ ಹೊಸ ರೆಕ್ಸಿನ್ ಹೊದಿಸಿಟ್ಟಿದ್ದೆ, ಅದನ್ನು ಒಯ್ಯಲು. ನಾನು ಒಂದು ಸೋಫಾದ ಬೆನ್ನಿಗೆ ಬಟ್ಟೆ ಎಳೆದು ಕಟ್ಟುತ್ತಿದ್ದೆ, ಅಪ್ಪ ಕಲಿಸಿದ ಹಾಗೆ ಬಾಯಿ ತುಂಬ ಸಣ್ಣ ಮೊಳೆ. ಆಕೆ ಸ್ಟೂಲನ್ನು ಸವರಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, “ನಿಮ್ಮಕ್ಕನ ಸಾಕ್ಷಿ ಕೇಳಿದೆ. ದೊಡ್ಡ ಪ್ರಾರ್ಥನಾ ಕೂಟದಲ್ಲಿ ವೇದಿಕೆ ಮೇಲೆ ನಿಂತು ಹೇಳಿದ್ರು. ನಿಮ್ಮ ತಂದೆ ಕೊನೇ ಗಳಿಗೇಲಿ ತಲೆಯಾಡಿಸಿ ಯೇಸುವನ್ನ ಒಪ್ಪಿಕೊಂಡ್ರಂತಲ್ಲ! ‘ಕರ್ತನೇ’ ಅಂತಾನೇ ಪ್ರಾಣ ಬಿಟ್ರಂತೆ! ಇಡೀ ಹಾಲ್ ಅಳ್ತಿತ್ತು” ಎಂದರು. ನನ್ನ ಬಾಯಲ್ಲಿ ಮೊಳೆಗಳಿದ್ದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಒಳ್ಳೆಯ ಹೆಂಗಸು ನನ್ನಿಂದ ಏನೇನು ಕೇಳಬೇಕಾಗುತ್ತಿತ್ತೋ. ತಲೆ ತಗ್ಗಿಸಿ ಸ್ಟೂಲನ್ನು ಅವರ ಕಾರಿನವರೆಗೆ ಹೊತ್ತುಕೊಟ್ಟು ಬಂದೆ. ಬಂದವನೇ ಸೋಫಾದ ಬಟ್ಟೆಯನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಅದು ಪರ್ ಎಂದು ಹರಿದುಹೋಯಿತು.

ಯಾವ ಬಾಯಲ್ಲಿ ಹೇಳಿದೆ ಅಕ್ಕ? ಆಸ್ಪತ್ರೆಯ ಆ ವಾರ್ಡಿನಲ್ಲಿ ನಾನೂ ಇದ್ದೆನೆಂಬುದು ನಿನಗೆ ಮರೆತುಹೋಯಿತೇ?

ನೀವು ನಮಗಾಗಿ ಪ್ರಾರ್ಥಿಸಿದಿರಿ ಎನ್ನುವುದೇ ನನ್ನ ಸಿಟ್ಟು ಎಂದುಕೊಳ್ಳಬೇಡ. ನನಗೆ ಬುದ್ಧಿ ಬಂದಾಗಿನಿಂದಲೂ ಈ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಹಾಗೆ. ಅಡುಗೆಮನೆಯ ಮೇಜಿನ ಆಚೆ ಅಮ್ಮ, ಈಚೆ ನೀನು, ನಡುವೆ ಹಿಡಿದುಕೊಂಡ ಕೈಗಳು; ಅಪ್ಪನ ಆತ್ಮದ ರಕ್ಷಣೆಗೆ, ಆಮೇಲೆ ನನ್ನ ರಕ್ಷಣೆಗೆ. ಕೆಳಗೆ ಅಂಗಡಿಗೆ ಎಲ್ಲ ಕೇಳಿಸುತ್ತಿತ್ತು. ಅಪ್ಪ ಸುತ್ತಿಗೆ ನಿಲ್ಲಿಸಿ, “ಮೇಲೆ ನನ್ನ ಕೇಸು ನಡೀತಿದೆ ಕಣೋ ಮೊಳೆ. ನಿನ್ನ ಫೈಲೂ ಅದರ ಜೊತೇಲೇ ಇದೆ” ಎಂದು ನನಗೆ, ತನ್ನ ‘ಮೊಳೆ’ಗೆ, ಹೇಳುತ್ತಿದ್ದ. ಅಷ್ಟೇ. ಅಮ್ಮನನ್ನು ಆಡಿಕೊಂಡದ್ದು ನಾನು ಕಾಣೆ. ಅವಳಿಗೆ ದೊಡ್ಡ ರಸ್ತೆ ದಾಟಲು ಭಯವೆಂದು ಪ್ರತಿ ಭಾನುವಾರ ಚರ್ಚಿನ ಗೇಟಿನವರೆಗೆ ಕೈಹಿಡಿದು ಕರೆದುಕೊಂಡು ಹೋಗಿ, ಆರಾಧನೆ ಮುಗಿಯುವ ತನಕ ಹೊರಗಿನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದ. ಒಳಗೆ ಬಾ ಎಂದು ಅಮ್ಮ ಒಂದು ದಿನವೂ ಎಳೆಯಲಿಲ್ಲ. ಹೊರಗೆ ಬಂದು, ಅವನ ಅಂಗಿಯ ಮೇಲಿನ ಬೂದಿ ಕೊಡವಿ, “ನಡಿ” ಎನ್ನುತ್ತಿದ್ದಳು. ಕಾಡಿ ಬೇಡುವುದೆಲ್ಲ ಅವಳು ದೇವರ ಹತ್ತಿರ ಮಾಡುತ್ತಿದ್ದಳು, ಗಂಡನ ಹತ್ತಿರವಲ್ಲ.

ನೀನು ಮದುವೆಯಾಗಿ ಭಾವನ ಗುಂಪು ಸೇರಿದ ಮೇಲೆ ಆ ಪ್ರಾರ್ಥನೆಗೆ ಮೈಕು ಬಂತು. ನನ್ನ ಮದುವೆ ಮುರಿದ ಸುದ್ದಿ ನನ್ನ ಗೆಳೆಯರಿಗಿಂತ ಮೊದಲು ನಿಮ್ಮ ಪ್ರಾರ್ಥನಾ ಗುಂಪಿಗೆ ಮುಟ್ಟಿತ್ತು. ನಾನು ಕುಡಿದು ಮೆಟ್ಟಿಲ ಮೇಲೆ ಬಿದ್ದದ್ದು, ಯಾವ ಮೆಟ್ಟಿಲು ಎಂಬುದರ ಸಮೇತ, ಮುಖವನ್ನೇ ನೋಡಿರದ ಜನಕ್ಕೆಲ್ಲ ಗೊತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಯಾರೋ ಒಬ್ಬಾತ ನನ್ನ ಹೆಗಲ ಮೇಲೆ ಕೈಯಿಟ್ಟು, “ತಮ್ಮಾ, ನಾವೆಲ್ಲ ನಿನಗಾಗಿ ಉಪವಾಸ ಇದ್ವಿ” ಎಂದ. ನನಗೆ ಆತನ ಪರಿಚಯವೇ ಇಲ್ಲ! ಇಳಿಯಬೇಕಾದ ಸ್ಟಾಪಿಗಿಂತ ಮೊದಲೇ ಇಳಿದು ನಡೆದುಕೊಂಡು ಮನೆಗೆ ಬಂದೆ. ಅದನ್ನೂ ನುಂಗಿಕೊಂಡೆ. ಅಕ್ಕ ತಾನೇ, ನನ್ನ ಒಳ್ಳೆಯದಕ್ಕೇ ಹೇಳಿರುತ್ತಾಳೆ ಎಂದುಕೊಂಡೆ.

ಆದರೆ ಅಪ್ಪನ ಹಾಸಿಗೆಯ ಪಕ್ಕದಲ್ಲಿ ನಡೆದದ್ದನ್ನು ನುಂಗಲಾರೆ. ನೀನು ವೇದಿಕೆಯಲ್ಲಿ ಬೇರೆಯದನ್ನೇ ಹೇಳಿದ್ದೀಯ, ಆದ್ದರಿಂದ ಇಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಆವತ್ತು ಮಧ್ಯಾಹ್ನ ಅಪ್ಪನ ನಾಲಿಗೆ ಒಣಗಿ ಸೀಳು ಬಿಟ್ಟಿತ್ತು. ಲೋಟದಲ್ಲಿ ನೀರಿಟ್ಟುಕೊಂಡು ಆಗಾಗ ಒಂದು ಚಮಚ ಕೊಡಿ, ಅದಕ್ಕಿಂತ ಹೆಚ್ಚು ಬೇಡ ಎಂದು ನರ್ಸ್ ಹೇಳಿಹೋಗಿದ್ದಳು. ನಾನು ಔಷಧಿ ತರಲು ಕೆಳಗೆ ಹೋಗಿ ವಾಪಸು ಬರುವಷ್ಟರಲ್ಲಿ ನಿಮ್ಮ ಗುಂಪು ಮಂಚದ ಸುತ್ತ ನಿಂತಿತ್ತು. ಬಾಗಿಲಿಂದ ಅಪ್ಪನ ಮುಖವೂ ಕಾಣಿಸದಷ್ಟು ಜನ; ಸಂದಿಯಲ್ಲಿ ತೂರಿ ಮಂಚದ ಹತ್ತಿರ ಬಂದೆ. ಅಮ್ಮ ಅವನ ಪಾದ ಹಿಡಿದು ಕಣ್ಣುಮುಚ್ಚಿ ಕೂತಿದ್ದಳು. ನೀರಿನ ಲೋಟ ನಿನ್ನ ಕೈಯಲ್ಲಿತ್ತು. ನೀನು ಬಗ್ಗಿ, “ಅಪ್ಪಾ, ಒಪ್ಪಿಕೋ ಅಪ್ಪಾ. ಬಾಯಿ ಬರದಿದ್ರೆ ಬೇಡ, ತಲೆ ಆಡಿಸು ಸಾಕು” ಎಂದೆ. ಒಂದು ಸಲವಲ್ಲ, ಮತ್ತೆ ಮತ್ತೆ ಕೇಳಿದೆ. ಅಪ್ಪ ನಿನ್ನ ಮುಖ ನೋಡುತ್ತಿರಲಿಲ್ಲ ಅಕ್ಕ. ಲೋಟ ನೋಡುತ್ತಿದ್ದ. ಅದು ಎತ್ತ ಸರಿದರೆ ಅವನ ಕಣ್ಣೂ ಅತ್ತ ಸರಿಯುತ್ತಿತ್ತು. ಕಡೆಗೆ ತಲೆಯಾಡಿಸಿದ. ನಿಮ್ಮವರೆಲ್ಲ ‘ಸ್ತೋತ್ರ, ಸ್ತೋತ್ರ’ ಎಂದು ಕೂಗಿದರು. ಪಕ್ಕದ ಮಂಚದ ರೋಗಿ ಬೆಚ್ಚಿ ಎದ್ದು ಕೂತ. ನೀನು ಲೋಟವನ್ನು ಕಿಟಕಿಯ ಮೇಲಿಟ್ಟು ಭಾವನನ್ನು ಹಿಡಿದುಕೊಂಡು ಅತ್ತೆ. ನೀರು ಕೊಡಲೇ ಇಲ್ಲ. ನೀವೆಲ್ಲ ಹಾಡುತ್ತ ಹೊರಗೆ ಹೋದಮೇಲೆ ನಾನು ಒಂದು ಚಮಚ ಕುಡಿಸಿದೆ. “ಇನ್ನೊಂದು” ಎಂದ. ಅದೇ ಕೊನೆಯ ಮಾತು. ‘ಕರ್ತನೇ’ ಅಲ್ಲ, ‘ಇನ್ನೊಂದು.’ ನಾನು ಕೊಟ್ಟೆ. ಅರ್ಧ ತುಟಿಯಿಂದ ಹೊರಗೆ ಹರಿಯಿತು.

ಇದನ್ನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ. ಅಪ್ಪ ಒಪ್ಪಿಕೊಂಡ ಎಂಬ ನಂಬಿಕೆಯಲ್ಲಾದರೂ ಅವಳು ನಿದ್ದೆ ಮಾಡಲಿ ಎಂದಿದ್ದೆ. ಟೀಚರ್ ಬಂದುಹೋದ ದಿನ ತಡೆಯಲಾಗದೆ ಅಡುಗೆಮನೆಯಲ್ಲಿ ಎಲ್ಲ ಕಕ್ಕಿಬಿಟ್ಟೆ. ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. “ಅವರು ತಲೆ ಯಾಕಾಡಿಸಿದ್ರು ಅಂತ ನಿಂಗೆ ಗೊತ್ತಾ?” ಎಂದಳು. ನೀರಿಗೆ ಅಮ್ಮಾ, ಕಣ್ಣಾರೆ ನೋಡಿದೀನಿ ಎಂದೆ. “ನೀನು ಕಣ್ಣು ನೋಡಿದೆ, ಒಳಗೆ ನೋಡ್ಲಿಲ್ಲ. ಅವಳೂ ನೋಡ್ಲಿಲ್ಲ. ಅದು ಅವರಿಗೂ ದೇವರಿಗೂ ಬಿಟ್ಟಿದ್ದು, ನೀವಿಬ್ರೂ ಅಲ್ಲಿಗೆ ಕೈ ಹಾಕ್ಬೇಡಿ.” ನನಗೆ ಅವಳ ಮೇಲೂ ರೇಗಿತು. ಎದ್ದು ಬಾಗಿಲವರೆಗೆ ಹೋಗಿದ್ದೆ. ಬೆನ್ನ ಹಿಂದಿನಿಂದ ಹೇಳಿದಳು, “ಆದ್ರೆ ನೀರು ಕೈಯಲ್ಲಿ ಹಿಡ್ಕೊಂಡು ಕೇಳಬಾರದಿತ್ತು.” ಅವಳು ಕಣ್ಣುಮುಚ್ಚಿರಲಿಲ್ಲ ಅಕ್ಕ. ಎಲ್ಲ ನೋಡಿದ್ದಳು. ಇಷ್ಟು ದಿನ ನಮ್ಮಿಬ್ಬರಿಗೂ ಹೇಳದೆ ಒಬ್ಬಳೇ ಹೊತ್ತುಕೊಂಡಿದ್ದಳು.

ನಗು ಬರುವ ವಿಷಯವೊಂದಿದೆ, ಕೇಳು. ಅಪ್ಪ ಹೋದ ಮೇಲೆ ಪ್ರಾರ್ಥನೆಯ ಆ ಮೇಜಿಗೆ ನಿನ್ನ ಜಾಗದಲ್ಲಿ ನಾನೇ ಕೂರುತ್ತಿದ್ದೇನೆ. “ಇಬ್ಬರು ಬೇಕು ಮಗಾ, ಒಬ್ಬಳೇ ಕೂತ್ರೆ ನಂಗೆ ಮಾತು ಹೊರಡಲ್ಲ” ಎಂದು ಅಮ್ಮ ಕೇಳಿದಳು. ನಾನು ಕಣ್ಣು ಮುಚ್ಚುವುದಿಲ್ಲ, ಆಮೆನ್ ಎನ್ನುವುದಿಲ್ಲ. ಕೈ ಹಿಡಿದು ಕೂರುತ್ತೇನೆ, ಚಹಾ ಆರುತ್ತಿರುತ್ತದೆ. ನನಗಾಗಿಯೇ ಬೇಡುತ್ತಾಳೆ ಎಂದುಕೊಂಡಿದ್ದೆ. ಅಲ್ಲ. “ನನ್ನ ಮಗಳನ್ನ ಕಾಪಾಡು. ತುಂಬಾ ಹೆದರಿದಾಳೆ, ಅವಳ ಹೆದರಿಕೆ ತೆಗಿ” ಎಂದು ದಿನಾ ನಿನ್ನ ಹೆಸರಲ್ಲೇ ಶುರು. ನನ್ನ ಸರದಿ ನಿನ್ನ ನಂತರ. ಇಡೀ ಊರಿನ ಆತ್ಮಗಳನ್ನು ರಕ್ಷಿಸಲು ಹೊರಟವಳಿಗಾಗಿ ಇಲ್ಲಿ ಅಡುಗೆಮನೆಯಲ್ಲಿ ಒಬ್ಬ ಮುದುಕಿ, ಒಬ್ಬ ಅವಿಶ್ವಾಸಿಯ ಕೈ ಹಿಡಿದುಕೊಂಡು ಅಳುತ್ತಾಳೆ. ಹೆದರಿಕೆಯಂತೆ! ನಿನಗೇ? ಅಪ್ಪ ಸತ್ತ ಮೇಲೆ ಎಲ್ಲಿಗೆ ಹೋಗಿಬಿಡುತ್ತಾನೋ ಎಂದು ನೀನು ಚಿಕ್ಕವಳಿದ್ದಾಗ ನಿದ್ದೆಯಲ್ಲಿ ಕಿರುಚುತ್ತಿದ್ದೆ ಎನ್ನುತ್ತಾಳೆ ಅಮ್ಮ. ಇರಬಹುದು. ಹೆದರಿದವಳು ಅಪ್ಪನಿಗೆ ನೀರು ಕೊಟ್ಟು ಹೆದರಬಹುದಿತ್ತು.

ನಾನು ಕೇಳುವುದು ಇಷ್ಟೇ. ಯಾವ ವೇದಿಕೆಯಲ್ಲಿ ಹೇಳಿದೆಯೋ ಅದೇ ವೇದಿಕೆ ಹತ್ತಿ, ನನಗೆ ಗೊತ್ತಿಲ್ಲ ಎನ್ನು. ಅಪ್ಪ ನಂಬಲಿಲ್ಲ ಎಂದು ಹೇಳಬೇಡ. ನಿನಗೆ ಗೊತ್ತಿಲ್ಲ ಎನ್ನು, ಸಾಕು. ಅಲ್ಲಿಯವರೆಗೆ ನನಗೆ ಫೋನ್ ಮಾಡಬೇಡ, ಮಾಡಿದರೂ ಎತ್ತುವುದಿಲ್ಲ. ನನ್ನ ಹೆಸರು ನಿಮ್ಮ ಗುಂಪಿನ ಬಾಯಲ್ಲಿ ಇನ್ನು ಬರಕೂಡದು.

ಭಾವನಿಗೆ ನಮಸ್ಕಾರ ಹೇಳು, ಬೆನ್ನಿಗೆ ಬಿಸಿ ಶಾಖ ಕೊಡಲಿ. ಮಕ್ಕಳಿಗೆ ಆಶೀರ್ವಾದ, ನನ್ನಂಥವನ ಆಶೀರ್ವಾದ ಅವರಿಗೆ ತಟ್ಟುತ್ತದೆ ಎಂದು ನೀನು ಒಪ್ಪುವುದಾದರೆ.

ನಿನ್ನ ತಮ್ಮ,
ಮೊಳೆ

ಮರೆತ ಮಾತು: ಮರೆತದ್ದಲ್ಲ, ಬರೆಯಬೇಡ ಎಂದು ಅಮ್ಮ ಆಣೆ ಹಾಕಿಸಿದ್ದಳು. ಅವಳ ಗಂಟಲಲ್ಲಿ ಗಡ್ಡೆ. ಒಳ್ಳೆಯ ಗಡ್ಡೆಯಲ್ಲ. ಇಪ್ಪತ್ತೊಂದಕ್ಕೆ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಜೀವಕ್ಕೆ ಭಯವಿಲ್ಲ ಎನ್ನುತ್ತಾರೆ ಡಾಕ್ಟರು, ಮಾತು ಮಾತ್ರ ಇರುವುದಿಲ್ಲ. ನೀನು ಗುಂಪು ಕಟ್ಟಿಕೊಂಡು ಮಂಚದ ಸುತ್ತ ಬಂದು ನಿಲ್ಲುತ್ತೀಯ ಎಂದು ನಿನಗೆ ಹೇಳಬೇಡ ಎಂದಳು. ಆದರೆ ಇವತ್ತು ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹೇಳುವಾಗ ಸ್ವರ ಒಡೆದು ನಿಂತುಹೋಯಿತು. ನೀರು ಕುಡಿದು, “ಬಾಯಿ ಇರೋವಾಗ ಒಂದ್ಸಲ ಅವಳ ಎದುರಿಗೇ ಕೂತು ಇದನ್ನ ಹೇಳಿಬಿಡ್ಬೇಕಿತ್ತು” ಎಂದಳು. ಒಬ್ಬಳೇ ಬಾ. ಭಾವನೂ ಬೇಡ. ಅವಳ ಕೈ ಹಿಡಿದು ಕೂರು, ಅವಳು ಹೇಳಲಿ, ನೀನು ಕೇಳು. ಮೇಲೆ ಬರೆದ ಒಂದು ಮಾತನ್ನೂ ನಾನು ವಾಪಸು ತೆಗೆದುಕೊಳ್ಳುವುದಿಲ್ಲ, ಆದರೂ ಬೇಗ ಬಾ. ನಮ್ಮ ಜಗಳ ಆಮೇಲಾದರೂ ಆಡಬಹುದು. ನನ್ನ ಗಂಟಲಿಗೇನೂ ಆಗಿಲ್ಲ.